ರಬ್ಬರಿಗೂ ಇದೆ ವೇಗದ ಮಿತಿ

2022ರ ಜೂನ್‌ನಲ್ಲಿ ಅಮೆರಿಕದ ಗುಡ್‌ಇಯರ್ ಕಂಪನಿ 1,73,000ಕ್ಕೂ ಹೆಚ್ಚು ಟೈರುಗಳನ್ನು ವಾಪಸ್ ಪಡೆಯಲು ಒಪ್ಪಿಕೊಂಡಿತು. ಟೈರಿನ ಹೆಸರು ಜಿ159, ಅಳತೆ 275/70 ಆರ್ 22.5. ಅದರ ತಯಾರಿಕೆ ನಿಂತದ್ದು 2003ರಲ್ಲಿ. ಕೊನೆಯ ಟೈರು ಕಾರ್ಖಾನೆ ಬಿಟ್ಟು ಹೆಚ್ಚುಕಡಿಮೆ ಎರಡು ದಶಕ ಕಳೆದ ಮೇಲೆ ಬಂದ ರೀಕಾಲ್ ಇದು. ಅಷ್ಟರಲ್ಲಿ ಈ ಟೈರಿಗೆ ಸಂಬಂಧಿಸಿದ ಅಪಘಾತಗಳಲ್ಲಿ ಎಂಟು ಜನ ಸತ್ತಿದ್ದರು, 69 ಜನ ಗಾಯಗೊಂಡಿದ್ದರು. 1998ರಿಂದ 2015ರವರೆಗಿನ ಈ ಲೆಕ್ಕ ಅಮೆರಿಕದ ಹೆದ್ದಾರಿ ಸುರಕ್ಷಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಕೊಟ್ಟದ್ದು.

ಈ ಟೈರಿನಲ್ಲಿ ರಬ್ಬರ್ ಕಳಪೆಯಾಗಿತ್ತು, ಉಕ್ಕಿನ ತಂತಿ ತುಂಡಾಗಿತ್ತು ಎಂಬಂಥ ಸರಳ ಕಥೆ ಇಲ್ಲ. ಊರೊಳಗೆ ಸಾಮಾನು ಹಂಚುವ ಟ್ರಕ್‌ಗಳ ಕೆಲಸಕ್ಕೆ ಅದು ಒಗ್ಗುವಂಥದ್ದು. ಅಲ್ಲಿ ಗಾಡಿ ನಿಲ್ಲುತ್ತದೆ, ಹೊರಡುತ್ತದೆ, ಮತ್ತೆ ನಿಲ್ಲುತ್ತದೆ. ನಡುವೆ ಟೈರು ತಣ್ಣಗಾಗುತ್ತದೆ. ಆದರೆ 1996ರಿಂದ ಅದನ್ನು ಮೋಟಾರ್‌ಹೋಮ್‌ಗಳಿಗೂ ಹಾಕಿದರು. ಅಡುಗೆಮನೆ, ಮಂಚ, ನೀರಿನ ಟ್ಯಾಂಕ್ ಎಲ್ಲವನ್ನೂ ಹೊತ್ತು ಸಾಗುವ ಬಸ್ಸಿನಷ್ಟು ದೊಡ್ಡ ಗಾಡಿಗಳು ಅವು. ನಿವೃತ್ತರಾದ ದಂಪತಿಗಳು ಅವುಗಳಲ್ಲಿ ಕೂತು ಅರಿಜೋನಾದ, ನ್ಯೂ ಮೆಕ್ಸಿಕೋದ ಉರಿಬಿಸಿಲಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಹೋಗುತ್ತಾರೆ. ಊರಿನ ಕೆಲಸಕ್ಕೆ ಸರಿಯಿದ್ದ ಟೈರು ಹೆದ್ದಾರಿಯ ಕೆಲಸಕ್ಕೆ ಸರಿಯೇ ಎಂಬುದೇ ಇಡೀ ವ್ಯಾಜ್ಯದ ತಿರುಳು. ಸಂತ್ರಸ್ತರ ವಕೀಲರ ವಾದ ಹೀಗಿತ್ತು: ಮೊದಲು ಗಂಟೆಗೆ 65 ಮೈಲಿಗೆ ಎಂದು ಹೇಳಿದ್ದ ಈ ಟೈರಿನ ವೇಗದ ದರ್ಜೆಯನ್ನು, ರಾಜ್ಯಗಳು ಹೆದ್ದಾರಿಯ ಮಿತಿ ಏರಿಸಿದ ಮೇಲೆ, ಕಂಪನಿ 75 ಮೈಲಿಗೆ ಏರಿಸಿತು. ಕಂಪನಿ ಕೊನೆಯವರೆಗೂ ದೋಷ ಒಪ್ಪಲಿಲ್ಲ. ಗಾಳಿ ಕಡಿಮೆ ಇಟ್ಟು, ಹೊರೆ ಹೆಚ್ಚು ತುಂಬಿದವರ ಗಾಡಿಯಲ್ಲಿ ಅಪಾಯ ಆಗಬಹುದು, ಅದನ್ನು ತಪ್ಪಿಸಲು ವಾಪಸ್ ಪಡೆಯುತ್ತಿದ್ದೇವೆ ಎಂದಿತು.

ವೇಗ ಟೈರಿಗೆ ಏಕೆ ಕೇಡು ಎಂಬುದನ್ನು ಇಲ್ಲೇ ಬಿಡಿಸಿ ಹೇಳಬೇಕು. ಅದು ಗೊತ್ತಿಲ್ಲದೆ ಮುಂದಿನ ಯಾವ ವಾದವೂ ಅರ್ಥವಾಗುವುದಿಲ್ಲ. ಉರುಳುವ ಟೈರಿನ ಕೆಳಭಾಗ ನೆಲಕ್ಕೆ ಒತ್ತಿ ಚಪ್ಪಟೆಯಾಗುತ್ತದೆ, ಮೇಲೆದ್ದ ಕೂಡಲೇ ಮತ್ತೆ ಗುಂಡಗಾಗುತ್ತದೆ. ಕಬ್ಬಿಣದ ತಂತಿಯನ್ನು ಬೆರಳಲ್ಲಿ ಮಡಚಿ ಬಿಚ್ಚಿ ಮಾಡಿದರೆ ಬಿಸಿಯಾಗುವಂತೆ, ಪ್ರತಿ ಸುತ್ತಿನ ಈ ಮಡಚಾಟದಲ್ಲಿ ಒಂದಷ್ಟು ಶಕ್ತಿ ರಬ್ಬರಿನೊಳಗೆ ಶಾಖವಾಗಿ ಉಳಿಯುತ್ತದೆ. ಜಿ159ರಂಥ ಟೈರಿನ ಸುತ್ತಳತೆ ಸುಮಾರು ಮೂರು ಮೀಟರ್. ಗಂಟೆಗೆ 75 ಮೈಲಿ ಅಂದರೆ 120 ಕಿಲೋಮೀಟರ್ ವೇಗದಲ್ಲಿ ಅದು ಒಂದು ಗಂಟೆಗೆ ಸುಮಾರು 40,000 ಬಾರಿ ಹೀಗೆ ಮಡಚಿ ಬಿಚ್ಚಿಕೊಳ್ಳುತ್ತದೆ. ರಬ್ಬರು ಶಾಖವನ್ನು ಬೇಗ ಹೊರಗೆ ಬಿಡುವ ವಸ್ತುವಲ್ಲ. ಅದರಲ್ಲೂ ರೇಡಿಯಲ್ ಟೈರಿನ ಉಕ್ಕಿನ ಪಟ್ಟಿಗಳ ಅಂಚು ಇರುವ ಭುಜದ ಭಾಗದಲ್ಲಿ ರಬ್ಬರ್ ತುಂಬ ದಪ್ಪ. ಶಾಖ ಸಿಕ್ಕಿಕೊಳ್ಳುವುದು ಅಲ್ಲೇ. ಅಲ್ಲಿ ಉಕ್ಕಿಗೂ ರಬ್ಬರಿಗೂ ಇರುವ ಅಂಟು ನಿಧಾನವಾಗಿ ಸಡಿಲವಾಗಿ, ಒಂದು ದಿನ ಬಟನ್ ಭಾಗ ಇಡಿಯಾಗಿ ಕಿತ್ತು ಬರುತ್ತದೆ. ಮುಂದಿನ ಚಕ್ರದ ಟೈರೇ ಹಾಗೆ ಹೋದರೆ ಎಂಟು ಹತ್ತು ಟನ್ ತೂಕದ ಗಾಡಿಯ ಸ್ಟಿಯರಿಂಗ್ ಹಿಡಿದು ನಿಲ್ಲಿಸುವುದು ಬಹಳ ಕಷ್ಟ.

ಗಾಳಿ ಕಡಿಮೆಯಾದರೆ ಟೈರು ಇನ್ನೂ ಹೆಚ್ಚು ಚಪ್ಪಟೆಯಾಗುತ್ತದೆ, ಶಾಖ ಇನ್ನೂ ಹೆಚ್ಚು. ಹೊರೆ ಹೆಚ್ಚಾದರೂ ಅದೇ ಕಥೆ. ಹೀಗೆ ವೇಗ, ಹೊರೆ, ಗಾಳಿ ಮೂರೂ ಒಂದೇ ಖಾತೆಗೆ ಜಮೆಯಾಗುತ್ತವೆ, ಆ ಖಾತೆಯ ಹೆಸರು ಶಾಖ. ಟೈರಿನ ಪಕ್ಕದಲ್ಲಿ ಅಚ್ಚಾದ ಅಕ್ಷರ ಈ ಮೂರನ್ನೂ ಸೇರಿಸಿ ಕೊಟ್ಟ ಮಾತು. ಎಫ್ ಎಂದರೆ ಗಂಟೆಗೆ 80 ಕಿಲೋಮೀಟರ್, ಜೆ ಎಂದರೆ 100, ಕೆ 110, ಎಲ್ 120, ಎಂ 130. ಕಾರುಗಳ ಟೈರಿನಲ್ಲಿ ಎಸ್ 180, ಟಿ 190, ಎಚ್ 210, ವಿ 240. ಲಾರಿ ಬಸ್ಸಿನ ಅಕ್ಷರಗಳೆಲ್ಲ ಈ ಸಾಲಿನ ಕೆಳತುದಿಯಲ್ಲಿವೆ ಎಂಬುದನ್ನು ಗಮನಿಸಿ. ಅಕ್ಷರದ ಹಿಂದಿರುವ ಅಂಕಿ ಹೊರೆಯದು. ಬರೆದಷ್ಟೇ ಹೊರೆ, ಹೇಳಿದಷ್ಟೇ ಗಾಳಿ ಇದ್ದರೆ ಮಾತ್ರ ಅಕ್ಷರ ಹೇಳುವ ವೇಗ ನಿಜ. ಒಂದನ್ನು ಮುರಿದರೆ ಉಳಿದ ಎರಡೂ ಮುರಿದಂತೆ.

ಅಮೆರಿಕದಲ್ಲಿ ಈ ಪ್ರಶ್ನೆ ದೊಡ್ಡದಾದದ್ದಕ್ಕೆ ಕಾರಣ ಟೈರಿನ ಕಾರ್ಖಾನೆಯಲ್ಲಿ ಮಾತ್ರ ಇಲ್ಲ, ಶಾಸನಸಭೆಯಲ್ಲೂ ಇದೆ. 1974ರಲ್ಲಿ, ತೈಲದ ಬಿಕ್ಕಟ್ಟಿನ ಕಾಲದಲ್ಲಿ, ಅಲ್ಲಿ ದೇಶಕ್ಕೆಲ್ಲ ಗಂಟೆಗೆ 55 ಮೈಲಿಯ ಮಿತಿ ಬಂತು. 1987ರಲ್ಲಿ ಹಳ್ಳಿಗಾಡಿನ ಹೆದ್ದಾರಿಗಳಿಗೆ 65 ಆಯಿತು. 1995ರಲ್ಲಿ ರಾಷ್ಟ್ರೀಯ ಮಿತಿಯನ್ನೇ ತೆಗೆದುಹಾಕಿ ರಾಜ್ಯಗಳ ಇಷ್ಟಕ್ಕೆ ಬಿಟ್ಟರು. ಪಶ್ಚಿಮದ ರಾಜ್ಯಗಳು 75ಕ್ಕೆ, ಆಮೇಲೆ 80ಕ್ಕೆ ಏರಿಸಿದವು. ಟೆಕ್ಸಾಸ್ 2012ರಲ್ಲಿ ಒಂದು ಸುಂಕದ ರಸ್ತೆಗೆ 85 ಮೈಲಿ, ಅಂದರೆ 137 ಕಿಲೋಮೀಟರ್ ಕೊಟ್ಟಿತು. 2015ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಇದರ ಬಗ್ಗೆ ವಿವರವಾದ ವರದಿ ಮಾಡಿತು. ಆಗ 14 ರಾಜ್ಯಗಳಲ್ಲಿ ಮಿತಿ 75 ಅಥವಾ ಅದಕ್ಕೂ ಹೆಚ್ಚು ಇತ್ತು. ಆದರೆ ದೊಡ್ಡ ಟ್ರಕ್ಕುಗಳ ಬಹುತೇಕ ಟೈರುಗಳು ತಾಳುತ್ತಿದ್ದುದೇ 75ರವರೆಗೆ. ಮಿತಿ 75ನ್ನು ದಾಟಿದ ಕಡೆ, ರಸ್ತೆಯ ಫಲಕ ನೋಡಿ, ಕಾನೂನನ್ನು ಒಂದಿಷ್ಟೂ ಮೀರದೆ ಓಡಿಸಿದ ಚಾಲಕನೂ ತನ್ನ ಟೈರಿನ ಮಿತಿ ಮೀರಿರುತ್ತಿದ್ದ. ವೇಗಮಿತಿ ಏರಿಸಿದ ಸಭೆಗಳಲ್ಲಿ ಈ ಲೆಕ್ಕವನ್ನು ಮೊದಲೇ ಕೇಳಬೇಕಿತ್ತು.

ಆ ವರದಿಯ ಹಿಂದೆ ಎನ್‌ಎಚ್‌ಟಿಎಸ್‌ಎ ನಡೆಸಿದ ಒಂದು ತನಿಖೆಯೂ ಇತ್ತು. ಹೊಸ ಕಾರುಗಳನ್ನು ಹೊತ್ತೊಯ್ಯುವ ಟ್ರಕ್ಕುಗಳಲ್ಲಿ ಟೈರುಗಳು ಸಿಡಿಯುತ್ತಿದ್ದವು. ದೋಷ ಟೈರಿನದಲ್ಲ, ಅದರ ದರ್ಜೆಗಿಂತ ಹೆಚ್ಚು ವೇಗವಾಗಿ ಓಡಿಸಿದ್ದೇ ಕಾರಣ ಎಂದು ತೀರ್ಮಾನಿಸಿ ತನಿಖೆಯನ್ನು ರೀಕಾಲ್ ಇಲ್ಲದೆ ಮುಗಿಸಿದರು. ಜಿ159ರ ವಿಷಯದಲ್ಲಿ ಇದೇ ಸಂಸ್ಥೆ ದೋಷ ಟೈರಿನದೇ ಎಂದಿತು. ಎರಡೂ ಕಡೆ ಟೈರಿಗೆ ಒಗ್ಗದ ಓಟ, ಎರಡೂ ಕಡೆ ಶಾಖ. ಒಂದು ಕಡೆ ಚಾಲಕ ತಪ್ಪಿತಸ್ಥ, ಇನ್ನೊಂದು ಕಡೆ ಕಂಪನಿ. ಮೇಲ್ನೋಟಕ್ಕೆ ಇದು ವಿರೋಧಾಭಾಸದಂತೆ ಕಾಣುತ್ತದೆ. ನನಗೆ ಅದರಲ್ಲಿ ಒಂದು ನ್ಯಾಯ ಕಾಣುತ್ತದೆ. ಆ ಟ್ರಕ್ಕುಗಳ ಟೈರಿನ ಮಿತಿಯನ್ನು ಕಂಪನಿ ಹೇಳಿತ್ತು, ಓಡಿಸಿದವರು ಮೀರಿದರು. ಮೋಟಾರ್‌ಹೋಮ್ ಕೊಂಡವರಿಗಾದರೋ ಗಾಡಿಯನ್ನು ಮಾರಿದ್ದೇ ಹೆದ್ದಾರಿಗೆಂದು. ಮಾರುವಾಗ ಯಾವ ಬಳಕೆಗೆ ಎಂದು ಹೇಳಿದಿರೋ ಆ ಬಳಕೆಯನ್ನು ಟೈರು ತಾಳಬೇಕು. ತಾಳದಿದ್ದರೆ, ಪ್ರಯೋಗಶಾಲೆಯಲ್ಲಿ ಅದು ಎಷ್ಟೇ ಚೆನ್ನಾಗಿದ್ದರೂ ದೋಷ ದೋಷವೇ.

ಇನ್ನೂ ಕೆಟ್ಟ ಸಂಗತಿ ಬೇರೊಂದಿದೆ. 2003ರಲ್ಲಿ ನ್ಯೂ ಮೆಕ್ಸಿಕೋದಲ್ಲಿ ಒಂದು ಕುಟುಂಬದ ಮೋಟಾರ್‌ಹೋಮ್ ಈ ಟೈರು ಹೋಗಿ ಉರುಳಿತು. ಅವರು ಹೂಡಿದ ದಾವೆಯಲ್ಲಿ, ಹೆದ್ದಾರಿ ವೇಗದಲ್ಲಿ ಟೈರು ಎಷ್ಟು ಬಿಸಿಯಾಗುತ್ತದೆ ಎಂದು ಕಂಪನಿ ತಾನೇ ನಡೆಸಿದ್ದ ಪರೀಕ್ಷೆಗಳ ಫಲಿತಾಂಶ ಕೇಳಿದರೂ ಸಿಗಲಿಲ್ಲ. 2010ರಲ್ಲಿ ರಾಜಿಯಾಯಿತು. ಆಮೇಲೆ ಬೇರೊಂದು ಮೊಕದ್ದಮೆಯಲ್ಲಿ ಆ ಫಲಿತಾಂಶಗಳು ಹೊರಬಂದವು. ಅರಿಜೋನಾದ ನ್ಯಾಯಾಧೀಶೆ ಕಂಪನಿಗೂ ಅದರ ವಕೀಲರಿಗೂ 27 ಲಕ್ಷ ಡಾಲರ್ ವಿಧಿಸಿದರು. 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಮೊತ್ತವನ್ನು ಲೆಕ್ಕ ಹಾಕಿದ ರೀತಿ ಸರಿಯಲ್ಲವೆಂದು ಪ್ರಕರಣವನ್ನು ಕೆಳಗೆ ಕಳಿಸಿತು; ಮಾಹಿತಿ ಬಚ್ಚಿಟ್ಟ ನಡತೆಯನ್ನು ಸರಿಯೆನ್ನಲಿಲ್ಲ. ಇತರ ಹಲವು ಕುಟುಂಬಗಳ ದಾವೆಗಳೂ ಗುಟ್ಟಿನ ರಾಜಿಗಳಲ್ಲಿ ಮುಗಿದಿದ್ದವು, ಕಡತಗಳು ಮೊಹರಿನೊಳಗಿದ್ದವು. ಅವು ಹೊರಬರಲು ಶುರುವಾದ ಮೇಲಷ್ಟೇ, 2017ರ ಡಿಸೆಂಬರ್‌ನಲ್ಲಿ, ಸರ್ಕಾರಿ ತನಿಖೆ ಆರಂಭವಾದದ್ದು. ಒಂದೊಂದು ಸಾವನ್ನೂ ಒಂದೊಂದು ಲಕೋಟೆಯಲ್ಲಿ ಮುಚ್ಚಿಟ್ಟರೆ ಅವುಗಳ ನಡುವಿನ ಸಂಬಂಧ ಯಾರಿಗೂ ಕಾಣದು. ರೀಕಾಲ್ ಎರಡು ದಶಕ ತಡವಾದದ್ದಕ್ಕೆ ತಾಂತ್ರಿಕ ಕಾರಣಕ್ಕಿಂತ ಈ ಲಕೋಟೆಗಳೇ ದೊಡ್ಡ ಕಾರಣ ಎಂದು ನಾನು ತಿಳಿಯುತ್ತೇನೆ.

ಫೈರ್‌ಸ್ಟೋನ್ ಟೈರು ಕಂಪನಿಯ ಪ್ರಕರಣ ಬಹಳ ಜನಕ್ಕೆ ಗೊತ್ತಿರುವುದರಿಂದ ಚುಟುಕಾಗಿ ಹೇಳುತ್ತೇನೆ. 2000ದ ಆಗಸ್ಟ್‌ನಲ್ಲಿ 65 ಲಕ್ಷ ಟೈರುಗಳ ರೀಕಾಲ್ ಆಯಿತು, ಹೆಚ್ಚಿನವು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿದ್ದವು. ಅಮೆರಿಕ ಒಂದರಲ್ಲೇ ಅವುಗಳಿಗೆ ಸಂಬಂಧಿಸಿದ ಸಾವುಗಳು 271. ಬಿಸಿಲಿನ ರಾಜ್ಯಗಳಲ್ಲೇ ಹೆಚ್ಚು. ಫೋರ್ಡ್ ಹೇಳಿದ ಗಾಳಿ 26 ಪಿಎಸ್‌ಐ, ಫೈರ್‌ಸ್ಟೋನ್ ಆಮೇಲೆ ಇರಬೇಕೆಂದದ್ದು 30. ಗಾಡಿಯವರು ಟೈರನ್ನು ದೂರಿದರು, ಟೈರಿನವರು ಗಾಡಿಯನ್ನು ದೂರಿದರು. ಆ ಜಗಳದಿಂದ ಒಂದು ಒಳ್ಳೆಯ ಕಾನೂನು ಹುಟ್ಟಿತು. ಅದೇ ವರ್ಷದ ಟ್ರೆಡ್ ಕಾಯಿದೆಯ ಪ್ರಕಾರ ಸಾವು, ಗಾಯ, ಪರಿಹಾರ ಕೋರಿಕೆಗಳ ಲೆಕ್ಕವನ್ನು ಕಂಪನಿಗಳು ಸರ್ಕಾರಕ್ಕೆ ಮೊದಲೇ ಕೊಡಬೇಕು. ಕಾರುಗಳಲ್ಲಿ ಗಾಳಿ ಇಳಿದರೆ ಎಚ್ಚರಿಸುವ ದೀಪ ಕಡ್ಡಾಯವಾದದ್ದೂ ಅದರ ಫಲ. ಆದರೆ ಆ ದೀಪ 10,000 ಪೌಂಡ್‌ವರೆಗಿನ ಗಾಡಿಗಳಿಗೆ ಮಾತ್ರ. ದೊಡ್ಡ ಲಾರಿಗಳು ಹೊರಗುಳಿದವು. ಲಾರಿ ಟೈರುಗಳ ಹಳೆಯ ಮಾನದಂಡವನ್ನು ಬಿಗಿಗೊಳಿಸುವ ಪ್ರಸ್ತಾಪ 2010ರಲ್ಲಿ ಬಂತು.

ವೇಗದ ದರ್ಜೆಯ ಕಾರಣಕ್ಕೆ ಬರುವ ಇನ್ನೊಂದು ಬಗೆಯ ರೀಕಾಲ್ ಪಿಕಪ್ ಟ್ರಕ್ಕುಗಳದು. ಅಲ್ಲಿ ಟೈರನ್ನು ಮುಟ್ಟುವುದೇ ಇಲ್ಲ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನಲ್ಲಿ ಗರಿಷ್ಠ ವೇಗವನ್ನು ಟೈರಿನ ಅಕ್ಷರಕ್ಕಿಂತ ಮೇಲೆ ಇಟ್ಟುಬಿಟ್ಟಿರುತ್ತಾರೆ. ಒಂದೇ ಮಾದರಿಗೆ ಹಲವು ಬಗೆಯ ಟೈರು ಕೊಡುವಾಗ ಈ ತಪ್ಪು ಸುಲಭ. ಗಾಡಿ ಡೀಲರ್ ಬಳಿ ಹೋಗುತ್ತದೆ, ತಂತ್ರಾಂಶ ಬದಲಾಗುತ್ತದೆ, ಮಿತಿ ಇಳಿಯುತ್ತದೆ. ಯಾರೂ ಸಾಯುವ ಮೊದಲೇ ಆಗುವ ಈ ಪುಟ್ಟ, ಸುದ್ದಿಯಾಗದ ರೀಕಾಲ್‌ಗಳೇ ನನ್ನ ಮಟ್ಟಿಗೆ ಈ ವ್ಯವಸ್ಥೆಯ ನಿಜವಾದ ಯಶಸ್ಸು. ಯುರೋಪಿನವರು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಭಾರಿ ಲಾರಿಗಳಿಗೆ ಗಂಟೆಗೆ 90 ಕಿಲೋಮೀಟರ್, ಬಸ್ಸುಗಳಿಗೆ 100 ಕಿಲೋಮೀಟರ್ ದಾಟದಂತೆ ವೇಗ ನಿಯಂತ್ರಕ ಕಡ್ಡಾಯ. ಫಲಕದಲ್ಲಿ ಏನೇ ಬರೆದಿದ್ದರೂ ಗಾಡಿ ಟೈರಿನ ಮಿತಿಯೊಳಗೇ ಇರುತ್ತದೆ. ಅಮೆರಿಕ 2016ರಲ್ಲಿ ಇಂಥದೇ ನಿಯಮಕ್ಕೆ ಕರಡು ಹೊರಡಿಸಿತು, ಜಾರಿಗೆ ಮಾತ್ರ ತರಲಿಲ್ಲ.

ನಮ್ಮಲ್ಲಿಗೆ ಬರೋಣ. ಭಾರತದ ಲಾರಿಗಳು ನಿಧಾನ, ಇದು ಅಮೆರಿಕದವರ ಕಷ್ಟ ಎಂದು ಹೇಳುವವರಿದ್ದಾರೆ. ಕಾಗದದ ಮೇಲೆ ನಮ್ಮ ನಿಯಮ ಚೆನ್ನಾಗಿಯೇ ಇದೆ: 2015ರ ಅಕ್ಟೋಬರ್ 1ರಿಂದ ತಯಾರಾದ ಬಹುತೇಕ ಸಾರಿಗೆ ವಾಹನಗಳಿಗೆ 80 ಕಿಲೋಮೀಟರ್‌ಗೆ ಕಟ್ಟುವ ಸ್ಪೀಡ್ ಗವರ್ನರ್ ಬೇಕು. 80ರಲ್ಲಿ ಓಡುವ ಲಾರಿಗೆ ಕೆ ಅಕ್ಷರದ ಟೈರು ಸಾಕಷ್ಟಾಯಿತು. ಆದರೆ ಗವರ್ನರ್‌ನ ತಂತಿ ಕಳಚಿದ ಗಾಡಿಗಳು ಎಷ್ಟಿವೆ ಎಂಬುದನ್ನು ರಾತ್ರಿ ಹೆದ್ದಾರಿಯಲ್ಲಿ ಪ್ರಯಾಣಿಸುವ ಯಾರಾದರೂ ಊಹಿಸಬಲ್ಲರು. ಮೇಲಾಗಿ ನಮ್ಮ ತೊಂದರೆ ವೇಗದ ಕಡೆಯಿಂದ ಮಾತ್ರ ಬರುವುದಿಲ್ಲ, ಹೊರೆಯ ಕಡೆಯಿಂದಲೂ ಬರುತ್ತದೆ. ಶಾಖಕ್ಕೆ ಎರಡೂ ಒಂದೇ.

2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಹೊರೆಯ ಮಿತಿ ಏರಿಸಿತು. ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಟನ್ ಆಯಿತು. ಈಗ ನಮ್ಮ ಲಾರಿಗಳಲ್ಲಿ ಸರ್ವೇಸಾಮಾನ್ಯವಾಗಿ ಕಾಣುವ 10.00 ಆರ್ 20 ಟೈರನ್ನು ತೆಗೆದುಕೊಳ್ಳಿ. 16 ಪ್ಲೈ ಮಾದರಿಯ ಮೇಲೆ 146/143 ಕೆ ಎಂದಿರುತ್ತದೆ. ಜೋಡಿ ಚಕ್ರದಲ್ಲಿ ಹಾಕಿದರೆ 143ರ ಅರ್ಥ ಒಂದು ಟೈರಿಗೆ 2,725 ಕಿಲೋ. ನಾಲ್ಕಕ್ಕೆ 10,900 ಕಿಲೋ. ಹಳೆಯ ಮಿತಿ ಅದರೊಳಗಿತ್ತು, ಹೊಸ ಮಿತಿ ಅದನ್ನು 600 ಕಿಲೋ ದಾಟಿತು. 18 ಪ್ಲೈನ 149/146 ಟೈರಾದರೆ ನಾಲ್ಕಕ್ಕೆ 12 ಟನ್, ಚಿಂತೆಯಿಲ್ಲ. ಆದರೆ ಅಂಗಡಿಯಲ್ಲಿ ಎರಡೂ ಅಕ್ಕಪಕ್ಕ ನಿಂತಿರುತ್ತವೆ, ಅಳತೆ ಒಂದೇ, ರಿಮ್ಮಿಗೆ ಎರಡೂ ಕೂರುತ್ತವೆ. ವೇಗ ಇಳಿಸಿದರೆ ತುಸು ಹೆಚ್ಚು ಹೊರೆಗೆ ಟೈರು ಕಂಪನಿಗಳ ಕೋಷ್ಟಕಗಳು ಅವಕಾಶ ಕೊಡುತ್ತವೆ, ನಿಜ. ಆ ರಿಯಾಯಿತಿ ವೇಗ ನಿಜವಾಗಿ ಇಳಿಸಿದವರಿಗೆ ಮಾತ್ರ. ಇದು ಕಾನೂನುಬದ್ಧ ಹೊರೆಯ ಲೆಕ್ಕ; ಜಲ್ಲಿ, ಮರಳು, ಅದಿರಿನ ಗಾಡಿಗಳ ಓವರ್‌ಲೋಡ್ ಇದರ ಮೇಲಿನದು.

ಅದೇ 2018ರ ಏಪ್ರಿಲ್‌ನಲ್ಲಿ ವೇಗಮಿತಿಗಳೂ ಏರಿದ್ದವು. ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಕಾರಿಗೆ 120, ಬಸ್ಸಿಗೆ 100, ಸರಕು ಗಾಡಿಗೆ 80. ಆ ಅಧಿಸೂಚನೆಯನ್ನು ಮದ್ರಾಸ್ ಹೈಕೋರ್ಟ್ 2021ರಲ್ಲಿ ರದ್ದು ಮಾಡಿತು. ರಸ್ತೆಗಳು ಮಾತ್ರ ವೇಗಕ್ಕೆಂದೇ ಬೆಳೆಯುತ್ತಿವೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಕಾರಿನ ಮಿತಿ 100. ಹಳೆಯ ರಸ್ತೆಯಲ್ಲಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಂದು ಊರೂರಿಗೂ ನಿಂತು ಹೋಗುತ್ತಿದ್ದ ಗಾಡಿಗೆ ಈಗ ನಿಲ್ಲುವ ಕೆಲಸವಿಲ್ಲ. ಟೈರು ತಣ್ಣಗಾಗುತ್ತಿದ್ದ ಆ ವಿರಾಮಗಳು ಹೋದವು. ಜಿ159ಕ್ಕೆ ಆದದ್ದೂ ಇದೇ. ಅದೇ ಮೈಸೂರಿನಲ್ಲಿ, ಹಿಂದೆ ವಿಕ್ರಾಂತ್ ಟೈರ್ಸ್ ಆಗಿದ್ದು 1997ರಲ್ಲಿ ಜೆಕೆ ಸಮೂಹಕ್ಕೆ ಸೇರಿದ ಕಾರ್ಖಾನೆಯಲ್ಲಿ, ಲಾರಿ ಬಸ್ಸುಗಳ ರೇಡಿಯಲ್ ಟೈರು ತಯಾರಾಗುತ್ತದೆ. ಟೈರಿನ ವಿದ್ಯೆ ನಮಗೆ ದೂರದ್ದಲ್ಲ.

ಅಪಘಾತವಾದಾಗ ನಾವು ಟೈರನ್ನು ನಡೆಸಿಕೊಳ್ಳುವ ರೀತಿ ಮಾತ್ರ ಸರಿಯಿಲ್ಲ. 'ಟೈರ್ ಸ್ಫೋಟಗೊಂಡು ಪಲ್ಟಿ' ಎಂಬ ಒಂದು ಸಾಲಿನಲ್ಲಿ ಸುದ್ದಿ ಮುಗಿಯುತ್ತದೆ. 2023ರ ಜುಲೈ 1ರ ನಸುಕಿನಲ್ಲಿ ಮಹಾರಾಷ್ಟ್ರದ ಸಮೃದ್ಧಿ ಮಹಾಮಾರ್ಗದಲ್ಲಿ, ಬುಲ್ಡಾಣಾ ಬಳಿ, ಬಸ್ಸೊಂದು ಬೆಂಕಿಗೆ ಸಿಕ್ಕಿ 25 ಜನ ಸತ್ತರು. ಟೈರು ಸಿಡಿಯಿತು ಎಂದು ಚಾಲಕ ಹೇಳಿದ್ದ. ಸಾರಿಗೆ ಇಲಾಖೆಯ ತನಿಖಾ ವರದಿ ಅದನ್ನು ಒಪ್ಪಲಿಲ್ಲ. ಒಮ್ಮೆ ಟೈರು ತಪ್ಪಿಲ್ಲದೆ ಅಪರಾಧಿಯಾಗುತ್ತದೆ, ಇನ್ನೊಮ್ಮೆ ತಪ್ಪಿದ್ದೂ ಪಾರಾಗುತ್ತದೆ. ತುಂಡುಗಳನ್ನು ರಸ್ತೆಯಿಂದ ಗುಡಿಸಿ ಹಾಕುವ ಮೊದಲು ಅದರ ಮೇಲಿನ ಅಕ್ಷರವನ್ನೋ, ತಯಾರಾದ ವಾರ-ವರ್ಷದ ನಾಲ್ಕಂಕಿಯನ್ನೋ ಬರೆದುಕೊಳ್ಳುವುದು ಪ್ರತಿ ಮಹಜರಿನಲ್ಲೂ ಆಗಬೇಕು. ಈ ನಿಟ್ಟಿನಲ್ಲಿ ಬಾಂಬೆ ಹೈಕೋರ್ಟ್ 2023ರಲ್ಲಿ ಕೊಟ್ಟ ತೀರ್ಪು ದೊಡ್ಡದು. ಟೈರು ಸಿಡಿದದ್ದು ದೈವಕೃತ್ಯ, ಪರಿಹಾರ ಕೊಡಬೇಕಿಲ್ಲ ಎಂದು ವಿಮಾ ಕಂಪನಿ ವಾದಿಸಿತ್ತು. ನ್ಯಾಯಾಲಯ ಒಪ್ಪಲಿಲ್ಲ. ಅತಿವೇಗ, ಗಾಳಿಯ ಏರುಪೇರು, ಹಳೆಯ ಟೈರು ಇವೆಲ್ಲ ಮನುಷ್ಯರ ನಿರ್ಲಕ್ಷ್ಯ ಎಂದು ಹೇಳಿ ಕುಟುಂಬಕ್ಕೆ ಸುಮಾರು 1.25 ಕೋಟಿ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು.

ನಮ್ಮ ರೀಕಾಲ್ ಕಾನೂನು ಹೊಸದು. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಂದ ತಿದ್ದುಪಡಿಯ 110ಎ ಸೆಕ್ಷನ್ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಏಳು ವರ್ಷದೊಳಗಿನ ವಾಹನಗಳು, ಮಾರಾಟದ ಪ್ರಮಾಣಕ್ಕೆ ತಕ್ಕಷ್ಟು ದೂರುಗಳು, ಒಂದು ಕೋಟಿ ರೂಪಾಯಿವರೆಗೆ ದಂಡ. ದೋಷ ಬಿಡಿಭಾಗದಲ್ಲಿದ್ದರೆ ಆ ಬಿಡಿಭಾಗವಿರುವ ಎಲ್ಲ ವಾಹನಗಳನ್ನೂ, ಯಾವುದೇ ಕಂಪನಿಯದಾಗಲಿ, ಕರೆಸಬಹುದು ಎಂಬ ಮಾತೂ ಅದರಲ್ಲಿದೆ. ಅದು ಬಲವಾದ ಅಸ್ತ್ರ. ಆದರೆ ಲಾರಿ ತನ್ನ ಆಯುಸ್ಸಿನಲ್ಲಿ ಹಲವು ಜೊತೆ ಟೈರು ಸವೆಸುತ್ತದೆ. ಮೊದಲ ಜೊತೆ ಮಾತ್ರ ವಾಹನ ಕಂಪನಿಯ ಲೆಕ್ಕದಲ್ಲಿರುತ್ತದೆ. ಉಳಿದವು ಊರಿನ ಟೈರ್ ಅಂಗಡಿಯಿಂದ, ರೀಸೋಲ್ ಮಾಡುವವರಿಂದ, ಕೆಲವೊಮ್ಮೆ ಇನ್ನೊಂದು ಲಾರಿಯ ಸ್ಟೆಪ್ನಿಯಿಂದ ಬಂದವು. ನಾಳೆ ಒಂದು ಟೈರಿನಲ್ಲಿ ದೋಷ ಕಂಡರೆ ಅದು ಯಾರ ಗಾಡಿಯಲ್ಲಿದೆ ಎಂದು ಹುಡುಕುವುದು ಹೇಗೆ? ಅಮೆರಿಕದಲ್ಲಿ ಪ್ರತಿ ಟೈರಿಗೂ ಗುರುತಿನ ಸಂಖ್ಯೆ, ಕೊಂಡವರ ಹೆಸರಿನೊಂದಿಗೆ ಅದನ್ನು ದಾಖಲಿಸುವ ಪದ್ಧತಿ ಇದೆ. ಅಷ್ಟಿದ್ದೂ ಜಿ159ಕ್ಕೆ ಅಷ್ಟು ವರ್ಷ ಹಿಡಿಯಿತು.

ಸರ್ಕಾರ ಮಾಡಬೇಕಾದ ಕೆಲಸಗಳು ಕಷ್ಟದವಲ್ಲ. ಲಾರಿ, ಬಸ್ಸುಗಳ ಎಫ್‌ಸಿ ಪರೀಕ್ಷೆಯಲ್ಲಿ ಟೈರಿನ ಬಟನ್ ನೋಡಿದಂತೆಯೇ ಹೊರೆಯ ಅಂಕಿ, ವೇಗದ ಅಕ್ಷರ ಎರಡನ್ನೂ ನೋಡಿ ಬರೆಯಲಿ. ವೇಗಮಿತಿಯನ್ನಾಗಲೀ ಆಕ್ಸಲ್ ಮಿತಿಯನ್ನಾಗಲೀ ಮುಂದೆ ಏರಿಸುವ ಮೊದಲು ರಸ್ತೆಯಲ್ಲಿರುವ ಟೈರುಗಳು ಅದನ್ನು ತಾಳುತ್ತವೆಯೇ ಎಂದು ಟೈರು ಎಂಜಿನಿಯರುಗಳ ಲಿಖಿತ ಅಭಿಪ್ರಾಯ ಪಡೆಯಲಿ. ಟೈರು ಮಾರಾಟವಾದ ದಿನವೇ ಅದರ ಸಂಖ್ಯೆ ಗಾಡಿಯ ನಂಬರಿನ ಜೊತೆ ದಾಖಲಾಗಲಿ. ಲಾರಿ, ಬಸ್ಸು, ಟೆಂಪೋ ಇಟ್ಟುಕೊಂಡವರಲ್ಲಿ ನನ್ನ ಕೋರಿಕೆ ಇದಕ್ಕಿಂತ ಚಿಕ್ಕದು: ಮುಂದಿನ ಸಲ ಟೈರು ಕೊಳ್ಳುವಾಗ ಬೆಲೆ ಮಾತಾಡುವ ಮೊದಲು ಅದರ ಪಕ್ಕದಲ್ಲಿರುವ ಅಂಕಿ-ಅಕ್ಷರ ಓದಿ, ಒಂದು ಟೈರು ಹೊರುವ ಕಿಲೋವನ್ನು ಆಕ್ಸಲ್‌ನ ಟೈರುಗಳ ಸಂಖ್ಯೆಯಿಂದ ಗುಣಿಸಿ ನಿಮ್ಮ ಆಕ್ಸಲ್ ಹೊರೆಗೆ ಹೋಲಿಸಿ ನೋಡಿ, ಟೈರಿನ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಆ ಬಿಲ್ಲನ್ನು ಗಾಡಿಯ ಕಾಗದಗಳ ಜೊತೆಯಲ್ಲೇ ಇಡಿ.